ನೆಕ್ಕರ್ ದಂಡೆಯ ವಿದ್ಯಾನಗರ ಟ್ಯೂಬಿಂಗೆನ್

ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಉದ್ಯೋಗ ಹಿಡಿದು ನೆಲೆಸಿರುವ ಕನ್ನಡಿಗರು ಈಗ ಕಡಿಮೆಯೇನಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳ ಮಕ್ಕಳಲ್ಲಿಯೂ ಕೆಲವರು ಅಲ್ಲಿದ್ದಾರೆ. ರಜೆ ದೊರೆತರೆ ಪ್ಯಾರಿಸ್ಸಿಗೆ ಹೋಗುತ್ತಾರೆ, ಸ್ವಿಟ್ಜರ್ಲೆಂಡಿನ ಹಿಮಪರ್ವತಗಳನ್ನು ಏರುತ್ತಾರೆ, ಭಾವಚಿತ್ರಗಳನ್ನು ಕಳುಹಿಸುತ್ತಾರೆ. ನೋಡಿ ಸಂತೋಷಪಡುತ್ತೇನೆ. ಆದರೆ ಅವರಿರುವ ಊರಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿಯಲ್ಲಿ ಟ್ಯೂಬಿಂಗೆನ್ ಎಂಬ ಊರೊಂದಿದೆ. ಕನ್ನಡ ಬಲ್ಲವನು ಯುರೋಪಿನಲ್ಲಿ ಒಂದೇ ಒಂದು ಊರನ್ನು ನೋಡಬೇಕಾದರೆ ಅದನ್ನೇ ನೋಡಬೇಕು ಎಂದು ಹೇಳುವವನು ನಾನು. ಒಮ್ಮೆ ಎರಡು ದಿನಗಳ ಕಾಲ ಅಲ್ಲಿ ಅಡ್ಡಾಡಿ ಬಂದಿದ್ದೇನೆ. ಅದಕ್ಕೂ ಮೊದಲು ಪುಸ್ತಕಗಳ ಮೂಲಕ ಅನೇಕ ವರ್ಷ ಅಡ್ಡಾಡಿದ್ದೆ.

ಊರು ಚಿಕ್ಕದು. ಜನಸಂಖ್ಯೆ ಸುಮಾರು 90 ಸಾವಿರ. ಅದರಲ್ಲಿ ಮೂರರಲ್ಲೊಂದು ಪಾಲಿಗೆ ಹತ್ತಿರ ಹತ್ತಿರ ವಿದ್ಯಾರ್ಥಿಗಳೇ. ನಮ್ಮ ಹಾಸನಕ್ಕಿಂತಲೂ ಸಣ್ಣ ಊರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಎಷ್ಟೋ ನಗರಗಳು ಬಾಂಬಿಗೆ ಸಿಕ್ಕಿ ಬೂದಿಯಾದಾಗ ಟ್ಯೂಬಿಂಗೆನ್ ಹೆಚ್ಚು ಪೆಟ್ಟು ತಿನ್ನದೆ ಉಳಿಯಿತು. ಆದ್ದರಿಂದ ಅಲ್ಲಿನ ಹಳೆಯ ಪೇಟೆ ನಿಜವಾಗಿಯೂ ಹಳೆಯದು. ಮರದ ತೊಲೆಗಳ ಚೌಕಟ್ಟು ಹೂಡಿ ನಡುವೆ ಮಣ್ಣು, ಇಟ್ಟಿಗೆ ತುಂಬಿ ಕಟ್ಟಿದ ಮನೆಗಳು, ಕಲ್ಲು ಹಾಸಿದ ಓಣಿಗಳು, ಓಣಿಯಿಂದ ಓಣಿಗೆ ಏರಿಳಿಯುವ ಮೆಟ್ಟಿಲುಗಳು. ಮೊಣಕಾಲು ನೋವಿರುವವರು ಯೋಚಿಸಿ ಹೆಜ್ಜೆ ಇಡಬೇಕು.

ಮುಂಚಿತವಾಗಿಯೇ ಒಂದು ಮಾತನ್ನು ಹೇಳಿಬಿಡುತ್ತೇನೆ. ಬೇಲೂರು, ಹಳೇಬೀಡುಗಳನ್ನು ಕಂಡ ಕಣ್ಣಿಗೆ ಇಲ್ಲಿನ ಕಟ್ಟಡಗಳು ದೊಡ್ಡ ಬೆರಗನ್ನೇನೂ ಹುಟ್ಟಿಸುವುದಿಲ್ಲ. ಇಲ್ಲಿ ನೋಡಬೇಕಾದದ್ದು ಶಿಲ್ಪವಲ್ಲ, ಕೋಣೆಗಳು. ಇಂತಹ ಕೋಣೆಯಲ್ಲಿ ಇಂತಹವರು ಕುಳಿತು ಇಂತಹ ಕೆಲಸ ಮಾಡಿದರು ಎಂಬುದು ತಿಳಿದಿದ್ದರೆ ಮಾತ್ರ ಈ ಊರು ನಮ್ಮೊಡನೆ ಮಾತನಾಡುತ್ತದೆ. ತಿಳಿಯದೆ ಹೋದವರು ನದಿಯ ಬದಿಯಲ್ಲಿ ಐಸ್ಕ್ರೀಮ್ ತಿಂದು, ದೋಣಿಯಲ್ಲಿ ಕುಳಿತು ಹಿಂದಿರುಗುತ್ತಾರೆ.

ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ನೆಕ್ಕರ್ ನದಿಯ ಸೇತುವೆ. ನದಿ ಇಲ್ಲಿ ಎರಡಾಗಿ ಹರಿಯುತ್ತದೆ. ನಡುವೆ ಉದ್ದನೆಯ ನಡುಗಡ್ಡೆ. ಅದರ ಮೇಲೆ ಸುಮಾರು 200 ವರ್ಷದ ಹಿಂದೆ ನೆಟ್ಟ ಪ್ಲೇನ್ ಮರಗಳ ಸಾಲು. ಆ ಮರಗಳ ಕೆಳಗೆ ನಿಂತು ಎದುರು ದಂಡೆಯನ್ನು ನೋಡಿದರೆ ಬಣ್ಣ ಬಣ್ಣದ ಮನೆಗಳ ಸಾಲು, ಅದರ ನಡುವೆ ಮೊನಚು ಮಾಡಿನ ಹಳದಿ ಬಣ್ಣದ ದುಂಡು ಗೋಪುರ. ಊರಿನ ಪ್ರತಿಯೊಂದು ಅಂಚೆ ಚಿತ್ರದಲ್ಲಿಯೂ ಇರುವುದು ಈ ಗೋಪುರವೇ. ಕೆಳಗೆ ನೀರಿನಲ್ಲಿ ಚಪ್ಪಟೆ ತಳದ ಉದ್ದ ದೋಣಿಗಳು. ಹಿಂತುದಿಯಲ್ಲಿ ನಿಂತವನು ಉದ್ದ ಗಳುವಿನಿಂದ ನದಿಯ ತಳವನ್ನು ಒತ್ತಿ ದೋಣಿಯನ್ನು ಮುಂದೂಡುತ್ತಾನೆ. ವರ್ಷಕ್ಕೊಮ್ಮೆ ವಿದ್ಯಾರ್ಥಿ ಸಂಘಗಳ ನಡುವೆ ಈ ದೋಣಿಗಳ ಪಂದ್ಯ ನಡೆಯುತ್ತದೆ. ಸೋತ ತಂಡದವರು ಎಲ್ಲರೆದುರು ಮೀನೆಣ್ಣೆ ಕುಡಿಯಬೇಕು! ಬಾಲ್ಯದಲ್ಲಿ ಕಾಡ್‌ಲಿವರ್ ಎಣ್ಣೆ ಕುಡಿದವರಿಗೆ ಈ ಶಿಕ್ಷೆಯ ಕ್ರೌರ್ಯ ಅರ್ಥವಾದೀತು.

ಆ ಹಳದಿ ಗೋಪುರದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಜರ್ಮನ್ ಭಾಷೆಯ ಅತಿ ದೊಡ್ಡ ಕವಿಗಳ ಸಾಲಿನಲ್ಲಿ ಇಂದು ಎಣಿಸಲ್ಪಡುವ ಫ್ರೀಡ್ರಿಕ್ ಹೋಲ್ಡರ್ಲೀನ್ (1770–1843) ತನ್ನ ಆಯುಷ್ಯದ ಸರಿಯಾಗಿ ಅರ್ಧವನ್ನು ಇಲ್ಲಿ ಕಳೆದನು. 1806ರಲ್ಲಿ ಅವನ ಬುದ್ಧಿ ಕದಡಿತೆಂದು ಬಲವಂತವಾಗಿ ಈ ಊರಿನ ಆಸ್ಪತ್ರೆಗೆ ಕರೆತಂದರು. ಏಳು ತಿಂಗಳಿಗೂ ಹೆಚ್ಚು ಕಾಲ ಚಿಕಿತ್ಸೆ ನಡೆಯಿತು, ಗುಣವಾಗಲಿಲ್ಲ. ಇನ್ನು ಮೂರು ವರ್ಷ ಬದುಕಿದರೆ ಹೆಚ್ಚು ಎಂದು ವೈದ್ಯರು ಕೈಬಿಟ್ಟರು. ಆಗ ಅವನನ್ನು ಮನೆಗೆ ಕರೆದೊಯ್ದವನು ಅಣ್ಣನಲ್ಲ, ತಮ್ಮನಲ್ಲ, ಜೊತೆಗೆ ಓದಿದ ಪ್ರಸಿದ್ಧ ಗೆಳೆಯರಲ್ಲ. ಎರ್ನ್ಸ್ಟ್ ತ್ಸಿಮ್ಮರ್ ಎಂಬ ಬಡಗಿ. ಆ ಬಡಗಿ ಕವಿಯ ಕಾದಂಬರಿಯೊಂದನ್ನು ಓದಿ ಮೆಚ್ಚಿದ್ದನು. ಪರಿಚಯವೆಂದರೆ ಅಷ್ಟೇ. 1807ರಲ್ಲಿ ನದಿಯ ಕಡೆಗಿರುವ ಗೋಪುರದ ಕೋಣೆಯನ್ನು ಕವಿಗೆ ಬಿಟ್ಟುಕೊಟ್ಟನು. ಮೂರು ವರ್ಷವೆಂದು ವೈದ್ಯರು ಹೇಳಿದ್ದು ಮೂವತ್ತಾರು ವರ್ಷವಾಯಿತು. 1838ರಲ್ಲಿ ತ್ಸಿಮ್ಮರ್ ತೀರಿಕೊಂಡ ಮೇಲೆ ಅವನ ಮಗಳು ಲೋಟೆ ಆ ಜವಾಬ್ದಾರಿಯನ್ನು ಹೊತ್ತು ಕೊನೆಯವರೆಗೂ ನೋಡಿಕೊಂಡಳು. ಕವಿ ಕಿಟಕಿಯ ಬಳಿ ಅಡ್ಡಾಡುವನು, ಪಿಯಾನೊ ನುಡಿಸುವನು, ನೋಡಲು ಬಂದವರು ಕೇಳಿದರೆ ನಿಂತಲ್ಲೇ ಒಂದು ಪದ್ಯ ಬರೆದು ಕೊಡುವನು. ಕೆಳಗೆ ಸ್ಕಾರ್ಡನೆಲ್ಲಿ ಎಂಬ ಬೇರೆ ಹೆಸರನ್ನೂ ತನಗೆ ತೋಚಿದ ಯಾವುದೋ ತಾರೀಖನ್ನೂ ಹಾಕುವನು. ಕುಟುಂಬದಿಂದ ಖರ್ಚಿಗೆ ಹಣ ಬರುತ್ತಿತ್ತೆಂಬುದು ನಿಜ. ಆದರೂ ಹಣ ಕೊಟ್ಟರೆ ಮೂವತ್ತಾರು ವರ್ಷದ ತಾಳ್ಮೆ ದೊರೆಯುವುದಿಲ್ಲ.

ನಾವು ಇಂದು ನೋಡುವ ಗೋಪುರ ಕವಿ ಇದ್ದ ಗೋಪುರವಲ್ಲ. 1875ರಲ್ಲಿ ಬೆಂಕಿ ಬಿದ್ದು ಅದು ಸುಟ್ಟಿತು. ಆಮೇಲೆ ಮತ್ತೆ ಕಟ್ಟಿದ್ದು ಇದು. ಒಳಗೆ ಅಚ್ಚುಕಟ್ಟಾದ ವಸ್ತುಸಂಗ್ರಹಾಲಯವಿದೆ, 2020ರಲ್ಲಿ ಅದನ್ನು ನವೀಕರಿಸಿ ತೆರೆದಿದ್ದಾರೆ. ಆ ಕಿಟಕಿಯಿಂದ ಕಾಣುವ ನದಿ ಮಾತ್ರ ಅಂದಿನದೇ.

ಗೋಪುರದಿಂದ ಮೇಲಕ್ಕೆ ಕೆಲವೇ ಹೆಜ್ಜೆ ನಡೆದರೆ ಸ್ಟಿಫ್ಟ್ ಎಂಬ ದೊಡ್ಡ ಕಟ್ಟಡ. ಮೊದಲು ಅದು ಅಗಸ್ಟೀನಿಯನ್ ಸಂನ್ಯಾಸಿಗಳ ಮಠವಾಗಿತ್ತು. ಮಾರ್ಟಿನ್ ಲೂಥರನ ಮತಸುಧಾರಣೆಯನ್ನು ಒಪ್ಪಿದ ಡ್ಯೂಕ್ ಉಲ್ರಿಕ್, 1536ರಲ್ಲಿ ಪಾದ್ರಿಗಳಾಗಲಿರುವ ಬಡ ಪ್ರತಿಭಾವಂತ ಹುಡುಗರಿಗಾಗಿ ಉಚಿತ ಊಟ, ವಸತಿಯ ವ್ಯವಸ್ಥೆಯೊಂದನ್ನು ಹುಟ್ಟುಹಾಕಿದನು. ಕೆಲವು ವರ್ಷಗಳಲ್ಲಿ ಅದು ಈ ಕಟ್ಟಡಕ್ಕೆ ಬಂದಿತು. ನಮ್ಮ ಮಠಗಳು ನಡೆಸುವ ಪ್ರಸಾದ ನಿಲಯಗಳನ್ನು ನೆನೆದುಕೊಳ್ಳಿ, ಹೆಚ್ಚು ಕಡಿಮೆ ಅದೇ ಏರ್ಪಾಡು. ಇಂದಿಗೂ ಅದು ವಿದ್ಯಾರ್ಥಿ ನಿಲಯವೇ. ಆದ್ದರಿಂದ ಪ್ರವಾಸಿಗರು ಗದ್ದಲ ಮಾಡದೆ ನೋಡಿ ಬರಬೇಕು.

ಈ ನಿಲಯದಲ್ಲಿ ಉಂಡು ಓದಿದವರ ಪಟ್ಟಿ ವಿಸ್ಮಯಕರ. 1589ರಲ್ಲಿ ಯೋಹಾನೆಸ್ ಕೆಪ್ಲರ್ ಇಲ್ಲಿಗೆ ಬಂದನು. ಅವನ ಗಣಿತದ ಗುರು ಮಿಖಾಯೆಲ್ ಮೇಸ್ಟ್ಲಿನ್. ತರಗತಿಯಲ್ಲಿ ಎಲ್ಲರಿಗೂ ಹೇಳಿಕೊಡುತ್ತಿದ್ದುದು ಭೂಮಿಯೇ ವಿಶ್ವದ ಕೇಂದ್ರವೆಂಬ ಟಾಲೆಮಿಯ ಪಾಠವನ್ನು. ಆಯ್ದ ಕೆಲವು ಶಿಷ್ಯರಿಗೆ ಮಾತ್ರ ಕೋಪರ್ನಿಕಸನ ಸೂರ್ಯಕೇಂದ್ರ ಸಿದ್ಧಾಂತವನ್ನು ವಿವರಿಸುತ್ತಿದ್ದನು. ಪಠ್ಯಕ್ರಮ ಒಂದು, ಗುರುವಿನ ಮನಸ್ಸು ಇನ್ನೊಂದು ಎಂಬ ಇಕ್ಕಟ್ಟು ಇಂದು ನಿನ್ನೆಯದಲ್ಲ. ಕೆಪ್ಲರನಿಗೆ ಪಾದ್ರಿಯಾಗುವ ಆಸೆಯಿತ್ತು. 1594ರಲ್ಲಿ ಓದು ಮುಗಿಯುವ ಮೊದಲೇ ಗ್ರಾಜ್ ಎಂಬ ಊರಿನ ಶಾಲೆಗೆ ಗಣಿತದ ಮೇಷ್ಟರಾಗಿ ಕಳುಹಿಸಿಬಿಟ್ಟರು. ಅವನು ಒಳ್ಳೆಯ ಪಾದ್ರಿಯಾಗುತ್ತಿದ್ದನೋ ಏನೋ, ಗ್ರಹಗಳ ಚಲನೆಯ ನಿಯಮಗಳನ್ನು ಲೋಕಕ್ಕೆ ಕೊಟ್ಟದ್ದು ಈ ಮೇಷ್ಟರ ಕೆಲಸದಿಂದ ಆರಂಭವಾದ ದಾರಿ.

ಅದೇ ನಿಲಯದಲ್ಲಿ ಓದಿದ ವಿಲ್ಹೆಲ್ಮ್ ಶಿಕಾರ್ಡ್ ಮುಂದೆ ಇಲ್ಲಿಯೇ ಹೀಬ್ರೂ ಭಾಷೆಯ ಪ್ರಾಧ್ಯಾಪಕನಾದನು. 1623ರಲ್ಲಿ ಆತ ಕೆಪ್ಲರನಿಗೆ ಕಾಗದ ಬರೆದು, ಕೂಡುವ, ಕಳೆಯುವ ಲೆಕ್ಕವನ್ನು ತಾನಾಗಿಯೇ ಮಾಡುವ ಹಲ್ಲುಗಾಲಿಗಳ ಯಂತ್ರವೊಂದನ್ನು ನಿರ್ಮಿಸಿರುವುದಾಗಿ ತಿಳಿಸಿದನು. ಕೆಪ್ಲರನಿಗಾಗಿ ತಯಾರಿಸುತ್ತಿದ್ದ ಇನ್ನೊಂದು ಯಂತ್ರ ಮರುವರ್ಷ ಬೆಂಕಿಗೆ ಆಹುತಿಯಾಯಿತು. 1635ರ ಪ್ಲೇಗಿನಲ್ಲಿ ಶಿಕಾರ್ಡನೂ ಹೋದ, ಅವನ ಸಂಸಾರವೂ ಹೋಯಿತು, ಯಂತ್ರದ ನೆನಪೂ ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ಆ ಕಾಗದಗಳು ಸಿಕ್ಕಿದ ಮೇಲೆ, ಅವುಗಳ ಚಿತ್ರ ನೋಡಿ 1960ರ ಸುಮಾರಿಗೆ ಇದೇ ಊರಿನ ಪ್ರಾಧ್ಯಾಪಕರೊಬ್ಬರು ಯಂತ್ರವನ್ನು ಮತ್ತೆ ಕಟ್ಟಿದರು. ಅದು ಕೆಲಸ ಮಾಡಿತು. ಕಂಪ್ಯೂಟರಿನಲ್ಲಿ ಬದುಕು ಕಟ್ಟಿಕೊಂಡಿರುವ ನನ್ನ ವಿದ್ಯಾರ್ಥಿಗಳು ಈ ಹೀಬ್ರೂ ಮೇಷ್ಟರನ್ನು ಒಮ್ಮೆ ನೆನೆಯಲಿ.

1790ರ ವೇಳೆಗೆ ಸ್ಟಿಫ್ಟಿನಲ್ಲಿ ಮೂವರು ಗೆಳೆಯರು ಒಂದೇ ಕೋಣೆಯಲ್ಲಿದ್ದರು: ಹೋಲ್ಡರ್ಲೀನ್, ಹೆಗೆಲ್, ಶೆಲ್ಲಿಂಗ್. ಒಬ್ಬ ಮಹಾಕವಿ, ಇಬ್ಬರು ಮಹಾದಾರ್ಶನಿಕರು. ಪಾದ್ರಿಗಳನ್ನು ತಯಾರಿಸುವ ನಿಲಯ ಇವರಲ್ಲಿ ಒಬ್ಬನನ್ನೂ ಪಾದ್ರಿಯಾಗಿಸಲಾರದೆ ಹೋಯಿತು.

ಈಗ ನಮ್ಮ ಸಂಬಂಧಕ್ಕೆ ಬರುತ್ತೇನೆ. 1830ರ ಆಸುಪಾಸಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರ ಓದುತ್ತಿದ್ದ ತರುಣರಲ್ಲಿ ಹರ್ಮನ್ ಮೋಗ್ಲಿಂಗ್ ಎಂಬವನಿದ್ದನು. ಅವನಿಗಿಂತ ಮೂರು ವರ್ಷ ಕಿರಿಯವನಾದ ಹರ್ಮನ್ ಗುಂಡರ್ಟ್ ಎಂಬವನೂ ಅಲ್ಲಿಯೇ ಓದಿದನು. ಇಬ್ಬರೂ ಭಾರತಕ್ಕೆ ಬಂದದ್ದು 1836ರಲ್ಲಿ. ಮೋಗ್ಲಿಂಗ್ ಬಂದದ್ದು ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ. 1843ರ ಜುಲೈ 1ರಂದು ಆತ ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ನಾವು ಇಂದು ಪತ್ರಿಕಾ ದಿನವೆಂದು ಆಚರಿಸುತ್ತಿದ್ದೇವೆ. ಆ ಬಳಿಕ 1848ರಿಂದ ಕೆಲವು ವರ್ಷಗಳ ಕಾಲ, ಕಾಸಾಮೇಜರ್ ಎಂಬ ನಿವೃತ್ತ ಆಂಗ್ಲ ನ್ಯಾಯಾಧೀಶರ ಹಣದ ನೆರವಿನಿಂದ, 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚು ಹಾಕಿಸಿದನು. ಓಲೆಗರಿಯಲ್ಲಿದ್ದ ಗ್ರಂಥ ಪುಸ್ತಕವಾಗಿ ಕೈಗೆ ಬಂದ ಕಾಲದ ಮೊದಲ ಹೆಜ್ಜೆಗಳವು. ಈ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಮೋಗ್ಲಿಂಗನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮತಪ್ರಚಾರಕ್ಕೆಂದು ಬಂದವರ ಬಗೆಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳುಂಟು, ಇರಲಿ. ಹರಿದಾಸರ ಪದಗಳನ್ನು ಅಚ್ಚು ಹಾಕಿಸಿದ ಪಾದ್ರಿಯನ್ನು ಒಂದೇ ಮಾತಿನಲ್ಲಿ ಅಳೆಯುವುದು ನನಗಂತೂ ಸಾಧ್ಯವಾಗಿಲ್ಲ.

ಇನ್ನೊಂದು ಸಂಗತಿ. ಮೋಗ್ಲಿಂಗ್ ಇಲ್ಲಿ ಓದುತ್ತಿದ್ದಾಗ, ಕೂಗಳತೆಯ ದೂರದ ಆ ಗೋಪುರದಲ್ಲಿ ಹೋಲ್ಡರ್ಲೀನ್ ಬದುಕಿದ್ದನು. ಕವಿ ತೀರಿಕೊಂಡದ್ದು 1843ರ ಜೂನ್ 7ರಂದು. ಮೂರು ವಾರ ಕಳೆದ ಮೇಲೆ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಬಂದಿತು. ಎರಡಕ್ಕೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಇತಿಹಾಸ ಓದುವವನಿಗೆ ಇಂತಹ ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಚಟ ಅಷ್ಟೇ.

ಸ್ಟಿಫ್ಟಿನಿಂದ ಹೊರಟು ಏರು ಓಣಿಯಲ್ಲಿ ಸಾಗಿದರೆ ಸಂತ ಜಾರ್ಜನ ಹೆಸರಿನ ದೊಡ್ಡ ಚರ್ಚು. 1470ರಲ್ಲಿ ಕಟ್ಟಲು ತೊಡಗಿ ಸುಮಾರು ಇಪ್ಪತ್ತು ವರ್ಷಗಳಲ್ಲಿ ಮುಗಿಸಿದರು. ಒಳಗೆ ವ್ಯುರ್ಟೆಂಬರ್ಗ್ ರಾಜವಂಶದವರ ಸಮಾಧಿಗಳು. ಮೇಲೆ ಮಲಗಿದ ಭಂಗಿಯ ಕಲ್ಲಿನ ಮೂರ್ತಿಗಳು. ಅವರಲ್ಲಿ 'ಗಡ್ಡದ ಎಬರ್‌ಹಾರ್ಡ್' ಎಂದೇ ಹೆಸರಾದ ದೊರೆಯ ಸಮಾಧಿಯೂ ಇದೆ. ಪೋಪನ ಅನುಮತಿ ಪಡೆದು 1477ರಲ್ಲಿ ಇಲ್ಲಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವನು ಇವನೇ. 'ಅಟೆಂಪ್ಟೊ' ಎಂಬುದು ಅವನ ಧ್ಯೇಯವಾಕ್ಯ. ಲ್ಯಾಟಿನ್ ಭಾಷೆಯಲ್ಲಿ 'ಕೈ ಹಾಕುತ್ತೇನೆ, ಸಾಹಸ ಮಾಡುತ್ತೇನೆ' ಎಂದರ್ಥ. ಆಗ ಊರಿನಲ್ಲಿ ಇದ್ದವರು ಕೆಲವು ಸಾವಿರ ಜನ ಮಾತ್ರ, ಅವರಲ್ಲಿ ಹೆಚ್ಚಿನವರು ದ್ರಾಕ್ಷಿ ಬೆಳೆಗಾರರು. ಅಂತಹ ಹಳ್ಳಿಯಂತಹ ಊರಿನಲ್ಲಿ ವಿಶ್ವವಿದ್ಯಾಲಯ ತೆರೆಯುವುದು ಸಾಹಸವೇ ಸರಿ.

ಆದರೆ ಅದೇ ವರ್ಷ, ವಿದ್ಯಾಪೀಠಕ್ಕೆ ಹಕ್ಕುಬಾಧ್ಯತೆಗಳನ್ನು ಕೊಟ್ಟ ಅದೇ ಸನದಿನಲ್ಲಿ, ಯಹೂದಿಗಳು ಈ ಊರಿನಲ್ಲಿ ವಾಸಿಸಕೂಡದು ಎಂಬ ಆಜ್ಞೆಯೂ ಇದೆ. ಯಹೂದಿಗಳ ಓಣಿ ಎಂಬ ಹೆಸರಿನ ಬೀದಿ ಇಂದಿಗೂ ಮಾರುಕಟ್ಟೆಯ ಸಮೀಪದಲ್ಲಿದೆ. ಆ ಹೆಸರಿಗೆ ಕಾರಣರಾದವರು ಹೊರಟುಹೋದದ್ದು ಹೀಗೆ, ವಿದ್ಯೆಯ ಬಾಗಿಲು ತೆರೆದ ಕೈಯಿಂದಲೇ. ಅವರ ವಂಶದವರಲ್ಲದಿದ್ದರೂ ಅವರ ಮತದವರು ಮತ್ತೆ ಇಲ್ಲಿ ನೆಲೆಯೂರಿ ಪ್ರಾರ್ಥನಾ ಮಂದಿರವೊಂದನ್ನು ಕಟ್ಟಿಕೊಳ್ಳುವಾಗ 1882 ಬಂದಿತ್ತು. ಆ ಮಂದಿರವನ್ನು 1938ರ ನವೆಂಬರ್ 9ರ ರಾತ್ರಿ ನಾಜಿಗಳು ಸುಟ್ಟರು. ಅದಿದ್ದ ಜಾಗದಲ್ಲಿ ಈಗ ಸ್ಮಾರಕವಿದೆ. ವಿಶ್ವವಿದ್ಯಾಲಯದ ಹೆಸರಿನಲ್ಲಿ ಎಬರ್‌ಹಾರ್ಡನ ಹೆಸರು ಇಂದಿಗೂ ಇದೆ; ಇರಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿ ಗಂಭೀರವಾಗಿಯೇ ನಡೆದಿದೆ. ನನ್ನ ಅಭಿಪ್ರಾಯ ಕೇಳಿದರೆ, ಹೆಸರು ಇರಲಿ, ಅದರ ಪಕ್ಕದಲ್ಲಿ ಆ ಸನದಿನ ಮಾತೂ ಇರಲಿ. ಹೆಸರನ್ನು ಅಳಿಸಿದರೆ ಅದರೊಡನೆ ಅಪರಾಧವೂ ಮರೆತುಹೋಗುತ್ತದೆ. ದೊರೆಯ ಎರಡು ಕೃತ್ಯಗಳಲ್ಲಿ ಒಂದನ್ನು ಮಾತ್ರ ಪಾಠ ಹೇಳುವ ಅಧ್ಯಾಪಕ ಅರ್ಧ ಪಾಠವನ್ನಷ್ಟೇ ಹೇಳಿದಂತೆ.

ಚರ್ಚಿನ ಎದುರಿಗಿರುವ ಚೌಕದಲ್ಲಿ ಹೆಕನ್‌ಹೌವರ್ ಎಂಬ ಹಳೆಯ ಪುಸ್ತಕದಂಗಡಿಯ ಹೆಸರನ್ನು ಕಾಣಬಹುದು. ಮುಂದೆ 'ಸಿದ್ಧಾರ್ಥ' (1922) ಬರೆದು ನೊಬೆಲ್ ಪ್ರಶಸ್ತಿ ಪಡೆದ ಹರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಇಲ್ಲಿ ಪುಸ್ತಕ ಕಟ್ಟುವ, ಜೋಡಿಸುವ, ಧೂಳು ಝಾಡಿಸುವ ಕೆಲಸ ಕಲಿತನು. ಸಂಜೆ ಕೋಣೆಗೆ ಹೋಗಿ ಬರೆಯುತ್ತಿದ್ದನು. ಅವನ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ತಾಯಿಯ ತಂದೆ ಬೇರಾರೂ ಅಲ್ಲ, ಮೇಲೆ ಹೇಳಿದ ಹರ್ಮನ್ ಗುಂಡರ್ಟ್. 1872ರಲ್ಲಿ ಪ್ರಕಟವಾದ ಮಲಯಾಳ ನಿಘಂಟಿನ ಕರ್ತೃ. ಮೊಮ್ಮಗನ ಕೃತಿಯಲ್ಲಿ ಭಾರತ ಬಂದದ್ದು ಆಕಸ್ಮಿಕವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಅಲ್ಲಿಂದ ಕೋಟೆಯ ಕಡೆಗೆ ಏರುವ ದಾರಿಯಲ್ಲಿ ಪ್ರಕಾಶಕ ಕೋಟಾನ ಮನೆ. ಮಹಾಕವಿ ಗಯಟೆ 1797ರಲ್ಲಿ ಕೆಲವು ದಿನ ಇಲ್ಲಿ ಅತಿಥಿಯಾಗಿದ್ದನೆಂದು ಗೋಡೆಯ ಮೇಲೆ ಫಲಕವಿದೆ. ಪಕ್ಕದ ವಿದ್ಯಾರ್ಥಿ ನಿಲಯದ ತುಂಟರು ತಮ್ಮ ಗೋಡೆಗೂ ಒಂದು ಫಲಕ ತೂಗುಹಾಕಿದರು. ಗಯಟೆ ವಾಂತಿ ಮಾಡಿಕೊಂಡದ್ದು ಇಲ್ಲಿ ಎಂದು! ಮಹಾಪುರುಷರ ಫಲಕಗಳು ಅತಿಯಾದ ಊರಿನಲ್ಲಿ ಇಂತಹದೊಂದು ಬೇಕಿತ್ತೆನಿಸುತ್ತದೆ. ಮಾರುಕಟ್ಟೆಯ ಚೌಕದಲ್ಲಿರುವ ಪುರಭವನ 1435ರದು. ಅದರ ನೆತ್ತಿಯ ಗಡಿಯಾರ 1511ರಲ್ಲಿ ಯೋಹಾನೆಸ್ ಸ್ಟ್ಯೋಫ್ಲರ್ ಎಂಬ ಗಣಿತಜ್ಞ ರೂಪಿಸಿದ್ದು. ಚಂದ್ರನ ಕಲೆಗಳನ್ನೂ ತೋರಿಸುತ್ತದೆ. ಗೋಡೆಯ ಮೇಲಿನ ಚಿತ್ರಗಳು ಮಾತ್ರ ಅಷ್ಟು ಹಳೆಯವಲ್ಲ, ವಿಶ್ವವಿದ್ಯಾಲಯದ 400ನೆಯ ವರ್ಷಾಚರಣೆಗೆಂದು ಬರೆಸಿದವು.

ಕೋಟೆಗೆ ಏರುವಾಗ ನಡುವೆ ಎರಡು ಬಾರಿ ನಿಲ್ಲಬೇಕಾಯಿತು. ಮೇಲೆ ಏರಿದರೆ ಕೆಂಪು ಹೆಂಚಿನ ಮಾಡುಗಳು, ನದಿ, ದೂರದಲ್ಲಿ ಶ್ವಾಬಿಯಾ ಪ್ರಾಂತದ ಬೆಟ್ಟಗಳ ಸಾಲು. ಹೋಹೆನ್‌ಟ್ಯೂಬಿಂಗೆನ್ ಎಂಬ ಈ ಕೋಟೆ ಈಗ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ. ಅಲ್ಲಿನ ಅತ್ಯಮೂಲ್ಯ ವಸ್ತು ಅಂಗೈಗಿಂತ ಚಿಕ್ಕದು. ಆನೆಯ ಹತ್ತಿರದ ಬಂಧುವಾದ ಮ್ಯಾಮತ್ ಎಂಬ ಪ್ರಾಣಿಯ ದಂತದಲ್ಲಿ ಕೆತ್ತಿದ ಕಾಡು ಕುದುರೆ. ಐದು ಸೆಂಟಿಮೀಟರಿನಷ್ಟು ಉದ್ದ. ಇದೂ ಇದರ ಜೊತೆಯ ಇತರ ಪ್ರಾಣಿಗಳೂ 1931ರಲ್ಲಿ ಫೋಗೆಲ್‌ಹೆರ್ಡ್ ಎಂಬ ಗುಹೆಯಲ್ಲಿ ಸಿಕ್ಕಿದವು. ವಯಸ್ಸು ಸುಮಾರು 40 ಸಾವಿರ ವರ್ಷ. ಮನುಷ್ಯನು ಮಾಡಿದ ಪ್ರತಿಮೆಗಳಲ್ಲಿ ನಮಗೆ ದೊರೆತಿರುವ ಅತಿ ಪ್ರಾಚೀನವಾದವುಗಳಲ್ಲಿ ಇವು ಸೇರಿವೆ. ಆ ಗುಹೆಗಳನ್ನು 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕುದುರೆಯ ಕತ್ತಿನ ಬಾಗು ನೋಡಿದರೆ ಕೆತ್ತಿದವನ ಕಣ್ಣು ನಮ್ಮ ಹೊಯ್ಸಳ ಶಿಲ್ಪಿಯ ಕಣ್ಣಿಗೆ ಕಡಿಮೆಯದಲ್ಲ.

ಇದೇ ಕೋಟೆಯಲ್ಲಿ 19ನೆಯ ಶತಮಾನದಲ್ಲಿ ಎರಡು ಕೆಲಸಗಳು ಒಂದೇ ಮಾಡಿನ ಕೆಳಗೆ ನಡೆಯುತ್ತಿದ್ದವು. ವಿಶ್ವವಿದ್ಯಾಲಯದ ಗ್ರಂಥಾಲಯ ಆಗ ಇಲ್ಲಿತ್ತು. 1856ರಿಂದ ಅದರ ಮುಖ್ಯಸ್ಥನಾಗಿದ್ದವನು ರುಡಾಲ್ಫ್ ರೋಥ್ ಎಂಬ ಸಂಸ್ಕೃತ ವಿದ್ವಾಂಸ. ಬ್ಯೋಟ್ಲಿಂಕ್ ಎಂಬ ಪಂಡಿತನೊಡಗೂಡಿ ಆತ ರಚಿಸಿದ ಸಂಸ್ಕೃತ–ಜರ್ಮನ್ ಮಹಾಕೋಶ 1855ರಿಂದ 1875ರವರೆಗೆ ಏಳು ಸಂಪುಟಗಳಲ್ಲಿ ಪೀಟರ್ಸ್‌ಬರ್ಗಿನಿಂದ ಹೊರಬಂದಿತು. ಅದರಲ್ಲಿ ವೈದಿಕ ಶಬ್ದಗಳ ಭಾಗವೆಲ್ಲ ಮುಖ್ಯವಾಗಿ ರೋಥನದು. ಅಥರ್ವವೇದದ ಪೈಪ್ಪಲಾದ ಶಾಖೆಯ ಭೂರ್ಜಪತ್ರದ ಹಸ್ತಪ್ರತಿಯೊಂದು ಕಾಶ್ಮೀರದಿಂದ ಇವನ ಕೈಗೆ ಬಂದು, ಟ್ಯೂಬಿಂಗೆನ್ ಗ್ರಂಥಾಲಯದ ಸ್ವತ್ತಾಯಿತು. ಅದರ ಛಾಯಾಪ್ರತಿ 1901ರಲ್ಲಿ ಪ್ರಕಟವಾದ ಮೇಲೆಯೇ ಲೋಕದ ವಿದ್ವಾಂಸರೆಲ್ಲರಿಗೂ ಅದು ಲಭ್ಯವಾದದ್ದು.

ಅದೇ ಕೋಟೆಯ ಹಳೆಯ ಅಡುಗೆಮನೆಯನ್ನು ರಸಾಯನಶಾಸ್ತ್ರದ ಪ್ರಯೋಗಾಲಯವಾಗಿ ಮಾಡಿಕೊಂಡಿದ್ದರು. ಹೊಪ್ಪೆ-ಸೈಲರ್ ಎಂಬ ಪ್ರಾಧ್ಯಾಪಕ ಅಲ್ಲಿ ರಕ್ತದ ಕೆಂಪು ಬಣ್ಣದ ವಸ್ತುವನ್ನು ಪರಿಶೋಧಿಸುತ್ತಿದ್ದನು. ಹಿಮೋಗ್ಲೋಬಿನ್ ಎಂಬ ಹೆಸರು ಅವನಿಂದಲೇ ಬಂದದ್ದು. 1868ರಲ್ಲಿ ಬಾಸೆಲ್ ನಗರದಿಂದ ಫ್ರೀಡ್ರಿಕ್ ಮೀಶರ್ ಎಂಬ ತರುಣ ವೈದ್ಯ ಅವನ ಶಿಷ್ಯನಾಗಿ ಬಂದನು. ಕಿವಿ ಸ್ವಲ್ಪ ಮಂದವಾಗಿದ್ದುದರಿಂದ ರೋಗಿಗಳ ಚಿಕಿತ್ಸೆಗಿಂತ ಪ್ರಯೋಗವೇ ತನಗೆ ಒಗ್ಗುವುದೆಂದು ಬಂದವನು. ಊರಿನ ಶಸ್ತ್ರಚಿಕಿತ್ಸಾಲಯದಿಂದ ಗಾಯಕ್ಕೆ ಕಟ್ಟಿ ಬಿಸುಟ ಬಟ್ಟೆಗಳನ್ನು ತರಿಸಿಕೊಂಡು, ಅವುಗಳಲ್ಲಿದ್ದ ಕೀವನ್ನು ತೊಳೆದು, ಅದರ ಜೀವಕೋಶಗಳನ್ನು ಬೇರ್ಪಡಿಸಿ ಪರೀಕ್ಷಿಸುವುದು ಅವನ ಕೆಲಸ. ತಣ್ಣನೆಯ, ಆಳ ಗೋಡೆಗಳ ಕತ್ತಲ ಕೋಣೆ. 1869ರಲ್ಲಿ ಆ ಕೋಶಗಳ ಕೇಂದ್ರದಿಂದ, ರಂಜಕವನ್ನೊಳಗೊಂಡ, ಅದುವರೆಗೆ ಯಾರೂ ಅರಿಯದ ಒಂದು ವಸ್ತುವನ್ನು ಅವನು ಬೇರ್ಪಡಿಸಿ ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟನು. ಇಂದು ಮಕ್ಕಳ ಬಾಯಲ್ಲೂ ಇರುವ ಡಿಎನ್‌ಎ ಎಂಬುದು ಅದೇ.

ಇಲ್ಲಿ ಗುರುವಿನ ನಡತೆಯನ್ನು ಗಮನಿಸಬೇಕು. ಶಿಷ್ಯನ ಶೋಧವನ್ನು ಹೊಪ್ಪೆ-ಸೈಲರ್ ಕೂಡಲೇ ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ತಾನೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದನು. ಸರಿ ಎಂದು ಕಂಡ ಮೇಲೆ 1871ರಲ್ಲಿ ತನ್ನ ಪತ್ರಿಕೆಯಲ್ಲಿ ಶಿಷ್ಯನ ಹೆಸರಿನಿಂದಲೇ ಪ್ರಕಟಿಸಿದನು. ಎರಡು ವರ್ಷ ಕಾಯುವುದು ತರುಣನಿಗೆ ಕಷ್ಟವಾಗಿರಬೇಕು. ಆದರೂ ಪರೀಕ್ಷಿಸಿ ನೋಡಿ ಹೆಸರು ಕೊಡುವ ಗುರು ಸಿಕ್ಕಿದ್ದು ಅವನ ಭಾಗ್ಯ. ಆ ಅಡುಗೆಮನೆಯನ್ನು ಈಗ ಸಂಗ್ರಹಾಲಯವಾಗಿ ಇಟ್ಟಿದ್ದಾರೆ. ನ್ಯೂಕ್ಲೀನಿನ ಗಾಜಿನ ನಳಿಗೆಯೊಂದನ್ನು ಅಲ್ಲಿ ನೋಡಬಹುದು. ಒಂದು ಕಡೆ ವೇದದ ಶಬ್ದಗಳು, ಇನ್ನೊಂದು ಕಡೆ ಕೀವಿನ ಬಟ್ಟೆ. ಎರಡೂ ವಿದ್ಯೆಯೇ, ಎರಡಕ್ಕೂ ಬೇಕಾದದ್ದು ಒಂದೇ ಬಗೆಯ ಸಹನೆ.

ಕೋಟೆಯಿಂದಿಳಿದು ಹಳೆಯ ಪೇಟೆಯನ್ನು ದಾಟಿ ಉತ್ತರಕ್ಕೆ ಹೋದರೆ ಊರಿನ ರುದ್ರಭೂಮಿ. ಪ್ರವಾಸಿಗರು ಹೋಲ್ಡರ್ಲೀನನ ಸಮಾಧಿಯನ್ನು ನೋಡಲು ಬರುತ್ತಾರೆ. ಅದರ ಒಂದು ಮೂಲೆಯಲ್ಲಿ ಹತ್ತನೆಯ ವಿಭಾಗವೆಂಬ ಭಾಗವಿದೆ. ವೈದ್ಯಕೀಯ ವಿದ್ಯಾರ್ಥಿಗಳ ಅಂಗಚ್ಛೇದನ ಪಾಠಕ್ಕೆ ಬಳಸಿದ ಶವಗಳನ್ನು ಹೂಳುತ್ತಿದ್ದ ಜಾಗ ಅದು. ನಾಜಿ ಆಡಳಿತದ ವರ್ಷಗಳಲ್ಲಿ ಇಲ್ಲಿಗೆ ಬಂದ ಶವಗಳಲ್ಲಿ ಐನೂರಕ್ಕೂ ಹೆಚ್ಚು ಆ ಆಡಳಿತಕ್ಕೆ ಬಲಿಯಾದವರವು: ಗಲ್ಲಿಗೇರಿಸಿದವರು, ಜೀತಕ್ಕೆ ಹಿಡಿದು ತಂದ ಪೋಲೆಂಡ್, ರಷ್ಯಾದ ಕೂಲಿಗಳು, ಯುದ್ಧಕೈದಿಗಳು. ಕೆಪ್ಲರ್ ಓದಿದ, ಮೀಶರ್ ದುಡಿದ ವಿಶ್ವವಿದ್ಯಾಲಯ ಅವುಗಳನ್ನು ಎಲ್ಲಿಂದ ಬಂದವೆಂದು ಕೇಳದೆ ಸ್ವೀಕರಿಸಿತು. ಯುದ್ಧ ಮುಗಿದ ದಶಕಗಳ ತರುವಾಯವೂ ಅಂತಹ ಕೆಲವು ಅಂಗಭಾಗಗಳು ಪಾಠದ ಸಂಗ್ರಹದಲ್ಲಿ ಉಳಿದಿದ್ದವು. 1990ರಲ್ಲಿ ಅವನ್ನು ಇಲ್ಲಿ ಹೂಳಿದರು. ಸತ್ತವರ ಹೆಸರುಗಳನ್ನು ಕಂಚಿನ ಫಲಕಗಳಲ್ಲಿ ಬರೆಸಿದ್ದಾರೆ. ಹೋಗುವವರು ಕವಿಯ ಸಮಾಧಿಯ ಬಳಿಯಿಂದಲೇ ಹಿಂದಿರುಗಬಾರದು. ಹತ್ತು ಹೆಜ್ಜೆ ಮುಂದೆ ಹೋಗಿ ಆ ಹೆಸರುಗಳಲ್ಲಿ ನಾಲ್ಕನ್ನಾದರೂ ಓದಬೇಕು.

ಕೊನೆಯದಾಗಿ, ಈ ಊರಿನಲ್ಲಿ ನಾನು ಮುಖ್ಯವಾಗಿ ಯಾರಿಗಾಗಿ ಹೋದೆನೋ ಅವರ ವಿಷಯ. ನನ್ನ ತರಗತಿಯಲ್ಲಿ ಕುಳಿತವರಿಗೆ 'ಕಿಟ್ಟೆಲ್ ತೆಗೆದುಕೊಂಡು ಬಾ' ಎಂಬ ಮಾತು ನೆನಪಿರಬಹುದು. ಎರಡು ಕೈಯಲ್ಲಿ ಅಪ್ಪಿ ತರಬೇಕಾದ ಆ ನಿಘಂಟನ್ನು ಸಿದ್ಧಪಡಿಸಿದ ಫರ್ಡಿನಾಂಡ್ ಕಿಟ್ಟೆಲ್ (1832–1903) ಹುಟ್ಟಿದ್ದು ಜರ್ಮನಿಯ ಉತ್ತರದ ಕಡಲತೀರದಲ್ಲಿ, ಓದಿದ್ದು ಬಾಸೆಲ್ಲಿನಲ್ಲಿ. 1853ರಲ್ಲಿ ನಮ್ಮ ನಾಡಿಗೆ ಬಂದು ಧಾರವಾಡ, ಮಡಿಕೇರಿ, ಮಂಗಳೂರುಗಳಲ್ಲಿ ದುಡಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿದರು. ಕೋಶಕ್ಕಾಗಿ ಹಳೆಯ ಕಾವ್ಯಗಳನ್ನು ಜಾಲಾಡಿದ್ದಲ್ಲದೆ ಊರಿನ ಜನರ ಬಾಯಿಯ ಗಾದೆಗಳನ್ನೂ ಸಂಗ್ರಹಿಸಿದರು. ಸುಮಾರು 70 ಸಾವಿರ ಶಬ್ದಗಳ ಆ ಕನ್ನಡ–ಇಂಗ್ಲಿಷ್ ಕೋಶ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಆ ವೇಳೆಗೆ ಆರೋಗ್ಯ ಕೆಟ್ಟು, ಕಣ್ಣು ದುರ್ಬಲವಾಗಿ, ಅವರು ಭಾರತವನ್ನು ಬಿಟ್ಟು ಬಂದು ಟ್ಯೂಬಿಂಗೆನ್ನಿನಲ್ಲಿ ನೆಲೆಸಿದ್ದರು. ಸಂಸ್ಕೃತ ಮಹಾಕೋಶದ ರೋಥ್ 1895ರಲ್ಲಿ ಇದೇ ಊರಿನಲ್ಲಿ ತೀರಿಕೊಂಡನು. ಎಂದರೆ, ಸ್ವಲ್ಪ ಕಾಲವಾದರೂ ಸಂಸ್ಕೃತದ ಮತ್ತು ಕನ್ನಡದ ಎರಡು ದೊಡ್ಡ ನಿಘಂಟುಗಳ ಕರ್ತೃಗಳು ಈ ಪುಟ್ಟ ಊರಿನ ಓಣಿಗಳಲ್ಲಿ ಏಕಕಾಲದಲ್ಲಿ ನಡೆದಾಡಿದ್ದಾರೆ.

ವಿಶ್ವವಿದ್ಯಾಲಯ 1896ರಲ್ಲಿ ಕಿಟ್ಟೆಲ್ಲರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರು ಅದರೊಡನೆ ಕೆಲಸ ನಿಲ್ಲಿಸಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಕನ್ನಡ ಮಾತಾಡುವವರಿಂದ ಸಾವಿರಾರು ಮೈಲಿ ದೂರದಲ್ಲಿ, ಹಿಮ ಸುರಿಯುವ ಊರಿನಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿದ್ದ ಮನುಷ್ಯ ಕೇಶಿರಾಜನ ಸೂತ್ರಗಳನ್ನು ಬಿಡಿಸುತ್ತ ಕುಳಿತಿದ್ದರು. ವ್ಯಾಕರಣ 1903ರಲ್ಲಿ ಅಚ್ಚಾಗಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿಯೇ ಅವರು ಕಣ್ಮುಚ್ಚಿದರು.

ಕೋಟೆಯಲ್ಲಿದ್ದ ಗ್ರಂಥಾಲಯ 1912ರಲ್ಲಿ ಕೆಳಗಿನ ವಿಲ್ಹೆಲ್ಮ್ ಬೀದಿಗೆ ಇಳಿಯಿತು. ಗುಂಡರ್ಟ್ ಭಾರತದಿಂದ ಕೊಂಡೊಯ್ದ ಓಲೆಗರಿಗಳು, ಹಸ್ತಪ್ರತಿಗಳು, ಹಳೆಯ ಅಚ್ಚಿನ ಪುಸ್ತಕಗಳು ಅಲ್ಲಿವೆ. ಹೆಚ್ಚಿನವು ಮಲಯಾಳದವು, ಕನ್ನಡದವೂ ಸೇರಿವೆ. 2018ರಲ್ಲಿ ಅವನ್ನೆಲ್ಲ ಛಾಯಾಚಿತ್ರ ತೆಗೆದು ಅಂತರಜಾಲದಲ್ಲಿ ಯಾರು ಬೇಕಾದರೂ ಓದುವಂತೆ ಇರಿಸಿದ್ದಾರೆ, ಶುಲ್ಕವಿಲ್ಲ. ರೈಲು ಹತ್ತಿ ಹೋಗಲಾರದವರು ಮನೆಯಲ್ಲಿ ಕುಳಿತೇ ಆ ಪುಟಗಳನ್ನು ತಿರುವಬಹುದು. ಹೋಗಬಲ್ಲವರು ಮೇ ತಿಂಗಳ ಬಳಿಕ ಹೋಗಿ, ಗಟ್ಟಿ ಅಟ್ಟೆಯ ಪಾದರಕ್ಷೆ ಹಾಕಿಕೊಳ್ಳಿ, ಕೋಟೆಯ ಅಡುಗೆಮನೆ ಯಾವ ದಿನ ತೆರೆದಿರುತ್ತದೆಂದು ಮುಂಚಿತವಾಗಿ ವಿಚಾರಿಸಿಕೊಳ್ಳಿ.